ಹದಿನಾಲ್ಕನೇ ನಂಬರಿನ ಗಾಜು

ಜುಬೈಲಿನ ಸ್ಟೋರು. ಮೂರನೇ ರ‍್ಯಾಕು, ಕೆಳಗಿನ ಖಾನೆ:
ವೆಲ್ಡಿಂಗ್ ಗಾಜು ಹತ್ತಿದೆ, ಹನ್ನೊಂದಿದೆ, ಹನ್ನೆರಡಿದೆ.
ಹದಿನಾಲ್ಕು ಇಲ್ಲ.
ಸೂರ್ಯನಿಗೆ ಹದಿನಾಲ್ಕೇ ಆಗಬೇಕಂತೆ.
ಇಂಡೆಂಟು ಬರೆಯಲು ಕೂತೆ. ವಸ್ತು, ಸಂಖ್ಯೆ,
ಆಮೇಲೆ 'ಉದ್ದೇಶ' ಎಂಬಲ್ಲಿಗೆ ಬಂದು
ಪೆನ್ನು ನಿಂತಿತು.

ಆಗಸ್ಟ್ ಎರಡು, ಸೋಮವಾರ.
ಇನ್ನೂ ಹತ್ತು ತಿಂಗಳು ಉಂಟು,
ಆದರೆ ರಜೆಯ ಚೀಟಿಗೆ ಈಗಲೇ ಸಾಲು.
ಮೆಸ್ಸಿನ ಮೇಜಿನ ಮೇಲೆ ಭೂಪಟ,
ರಿಯಾದಿನ ಮೇಲೆ ಬೇಳೆಸಾರಿನ ಕಲೆ.
ಇಲ್ಲಿಂದ ಕೆಂಪು ಸಮುದ್ರದ ಅಲ್ ಲಿತ್‌ವರೆಗೆ
ಇದಿನಬ್ಬನ ಹಳೇ ಕ್ಯಾಮ್ರಿ, ಅರೆಬರೆ ಏಸಿ,
ಸಾವಿರದ ಮುನ್ನೂರು ಚಿಲ್ಲರೆ ಕಿಲೋಮೀಟರು.
ಅಲ್ಲಿ ಆರು ನಿಮಿಷ ಕತ್ತಲೆ.

"ತಲೆ ನೆಟ್ಟಗಿದೆಯಾ?" ಗ್ರೆಗರಿ ಮೊಂತೇರೊ ಕೇಳಿದ.
"ಇಪ್ಪತ್ತೆರಡು ವರ್ಷ ಇವನಿಗೆ ಬೆನ್ನು ಕೊಟ್ಟು ದುಡಿದವರು
ಈಗ ಇವನ ಮುಖ ನೋಡಲಿಕ್ಕೆ ಪೆಟ್ರೋಲು ಸುಡುವುದಾ?"

ನಿಜವೇ.
ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರ ತನಕ
ಬಿಸಿಲಿಗೆ ಆಳು ನಿಲ್ಲಿಸಬಾರದೆಂದು ಇಲ್ಲಿ ಕಾನೂನು.
ಆ ಮೂರು ತಾಸು ನಾವು ಪೈಪಿನ ನೆರಳಿನಲ್ಲಿ
ಬೂಟೇ ತಲೆದಿಂಬು, ಮುಖಕ್ಕೆ ಒದ್ದೆ ಬಟ್ಟೆ,
ಯಾರಾದರೂ ಎಣಿಸಿಕೊಂಡು ಹೋಗಲಿ ಎಂಬಂತೆ ಸಾಲಾಗಿ.
ಗ್ರಹಣವೂ ಅದೇ ಹೊತ್ತಿಗೆ, ಒಂದೂಕಾಲು ದಾಟಿದ ಮೇಲೆ.
ಅವನಿಗೂ ಅದೇ ಕಾನೂನು ತಗುಲಿತೋ ಏನೋ.

ನನ್ನ ಬಾಕಿ ಬೇರೆ.
ಎಂಬತ್ತನೇ ಇಸವಿ, ಶಿವರಾತ್ರಿ ಆಗಷ್ಟೇ ಕಳೆದಿತ್ತು.
ಖಗ್ರಾಸ ನಮ್ಮ ಅಂಕೋಲೆಯ ಮೇಲೇ ಹಾದುಹೋಯಿತು.
ಎಲ್ಲೆಲ್ಲಿಂದಲೋ ಬಂದವರು ದುರ್ಬೀನು ಹೂಡಿ ನೋಡಿದರಂತೆ.
ಏಳು ವರ್ಷದ ನನ್ನನ್ನು ಒಳಗೆ ಹಾಕಿ
ಆಯಿ ಅಗಳಿ ಜಡಿದಳು.
ಹಂಚಿನ ಸಂದಿಯಿಂದ ದಿನಾ ನೆಲಕ್ಕೆ ಬೀಳುವ
ನಾಲ್ಕಾಣೆಯಷ್ಟು ಬಿಸಿಲು
ಅಂದು ಯಾರೋ ಕಚ್ಚಿದ ರೊಟ್ಟಿಯ ಹಾಗೆ,
ಆಮೇಲೆ ಕತ್ತರಿಸಿ ಒಗೆದ ಉಗುರಿನ ಹಾಗೆ.
"ಆಯೀ, ಇಲ್ನೋಡು" ಅಂದೆ.
ಅವಳು ಗಾಬರಿಯಲ್ಲಿ ಅದರ ಮೇಲೆ ಚರಿಗೆ ಕವುಚಿದಳು.
ಉಗುರು ಚರಿಗೆಯ ಬೆನ್ನ ಮೇಲೆ ಬಂದು ಕೂತಿತು.
ಮತ್ತೆ ಅದೂ ಇಲ್ಲ.
ಹೊರಗೆ ಕೋಳಿಗಳು ಗೂಡು ಸೇರುವ ಸದ್ದು.
ಎರಡು ನಿಮಿಷ ಚಿಲ್ಲರೆ,
ನನ್ನಿಂದ ಬರೀ ಒಂದು ಹಂಚಿನಾಚೆ.

ತಾಯಿಫ್ ಹತ್ತಿರ ರಸ್ತೆ ಸೀಳುತ್ತದೆ:
ಮಕ್ಕಾದ ನೇರ ದಾರಿ ಮುಸ್ಲಿಮರಿಗೆ,
ಉಳಿದವರು ಸುತ್ತಿಕೊಂಡು ಹೋಗಬೇಕು.
"ನೀನು ನೇರ ಹೋಗು, ನಾವು ಏನಾದರೂ ಹಿಡಿದು ಬರ್ತೇವೆ" ಅಂದೆ.
ಇದಿನಬ್ಬ ಬೆರಳಿನಲ್ಲಿ ಸುತ್ತಿನ ದಾರಿಗೇ ಗೆರೆ ಎಳೆದ.
"ಗಾಡಿ ನನ್ನದು. ಸುತ್ತೇ ಹೋಗುವ."
ತುಸು ತಡೆದು ಹೇಳಿದ:
"ಒಂದು ವಿಷಯ. ಆ ಹೊತ್ತಿಗೆ ನನಗೆ ಗ್ರಹಣದ ನಮಾಜು,
ಉದ್ದದ್ದು, ತಲೆ ಕೆಳಗೇ ಇರ್ತದೆ.
ನೀವು ನೋಡಿ, ವಾಪಸು ಬರುವಾಗ ದಾರಿಯಲ್ಲಿ ಹೇಳಿ.
ಅವಸರ ಮಾಡಬೇಡಿ,
ಹದಿಮೂರು ತಾಸಿನ ದಾರಿ ಇದೆಯಲ್ಲ."

ಟೇಕ್ ಬಹಾದುರನ ಕರಾರು ಜೂನಿಗೆ ಮುಗಿಯುತ್ತದೆ.
ಆದರೂ ದಿನಾ ಬಂದು ಭೂಪಟದ ಮುಂದೆ ಕೂರುತ್ತಾನೆ,
ನೀರು ಎಷ್ಟು ಬಾಟಲಿ, ಖರ್ಜೂರ ಎಷ್ಟು ಕಿಲೋ,
ಟೈರು ಸಿಡಿದರೆ ಯಾರು ಇಳಿಯಬೇಕು, ಎಲ್ಲ ಅವನೇ ಬರೆದದ್ದು.
ನಿನ್ನೆ ರಾತ್ರಿ ಕೈ ತೊಳೆಯುವಲ್ಲಿ ಗ್ರೆಗರಿ,
ಕನ್ನಡಿಯನ್ನೇ ನೋಡುತ್ತ:
"ಪೂರ್ತಿ ಮುಚ್ಚಿದ ಮೇಲೆ ಗಾಜು ತೆಗೆದು
ಬರಿಗಣ್ಣಲ್ಲೇ ನೋಡಬಹುದಂತೆ, ಹೌದಾ?"
"ಹೌದು, ಆರು ನಿಮಿಷ."
ನಲ್ಲಿ ನಿಲ್ಲಿಸಲು ಮರೆತು ಹೋದ.

ಹಾಗಾಗಿ ಸಂಖ್ಯೆ: ನಾಲ್ಕು.
ಹೋಗುವವರು ಮೂವರೇ, ಅದು ನನಗೂ ಗೊತ್ತು.
ಒಂದನ್ನು ಟೇಕ್ ಬಹಾದುರನ ಪೆಟ್ಟಿಗೆಯಲ್ಲಿ
ಅಂಗಿಗಳ ನಡುವೆ ಇಟ್ಟು ಕಳಿಸಬೇಕು.
ಉದ್ದೇಶ:
ಸೇಫ್ಟಿಯವರು ಬೋರ್ಡಿನ ಮೇಲೆ ಬರೆಯುವ ಮಾತನ್ನೇ
ನಾನೂ ಬರೆದೆ, ಎತ್ತರದ ಕೆಲಸ.
ಸಹಿಗೆ ಹೋದಾಗ ಇಂಜಿನಿಯರ್ ಕನ್ನಡಕ ಏರಿಸಿ ಕೇಳಿದ,
"ಎಷ್ಟು ಮೀಟರು?"